ಇಲಿಗೆ ಕೊಟ್ಟದ್ದು ಯಾವುದು, ಇಲಿಯಿಂದ ಬಂದದ್ದು ಯಾವುದು

ಗೈಡ್ ನನಗೆ ಕೊಟ್ಟ ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಒಂದೇ ಸ್ಟ್ರೇನ್ (ತಳಿ) ಪ್ಲೇಟಿನ ಮೇಲೆ ಎರಡು ಬಗೆಯ ಕಾಲೊನಿ, ಅಂದರೆ ಗುಂಪಾಗಿ ಬೆಳೆದ ಚುಕ್ಕೆ, ಮಾಡುತ್ತದೆ. ಒಂದು ಮಬ್ಬಾಗಿರುತ್ತದೆ, ಇನ್ನೊಂದು ಪಾರದರ್ಶಕ. ಲ್ಯಾಬಿನಲ್ಲಿ ಇವನ್ನು ಓ (ಒಪೇಕ್, ಮಬ್ಬು) ಮತ್ತು ಟಿ (ಟ್ರಾನ್ಸ್‌ಪರೆಂಟ್, ಪಾರದರ್ಶಕ) ಅಂತ ಕರೆಯುತ್ತೇವೆ. ಎರಡನ್ನೂ ಇಲಿಗಳಿಗೆ ಕೊಟ್ಟು, ಸೋಂಕು ಯಾವುದರಲ್ಲಿ ಹೇಗೆ ಸಾಗುತ್ತದೆ ನೋಡಬೇಕು. "ಮೊದಲು ಕಾಲೊನಿ ನೋಡೋದು ಕಲಿ, ಇಲಿ ಆಮೇಲೆ" ಅಂದರು ಮೇಡಂ. ಒಂದೆರಡು ದಿನದ ಕೆಲಸ ಅಂದುಕೊಂಡು ಹೂಂ ಅಂದೆ.

ಬ್ಯಾಕ್ಟೀರಿಯಾದ ಮೈ ಬದಲಾದರೆ ರೋಗವೂ ಬದಲಾಗುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಮಾಡಿದ ಪ್ರಯೋಗವನ್ನು ಶಾಲೆಯಲ್ಲೇ ಓದಿರುತ್ತೇವೆ. ನುಣುಪು ಕಾಲೊನಿಯ ನ್ಯುಮೋಕಾಕಸ್ ಕೊಟ್ಟರೆ ಇಲಿ ಸಾಯುತ್ತದೆ, ಒರಟು ಕಾಲೊನಿಯದ್ದು ಕೊಟ್ಟರೆ ಬದುಕುತ್ತದೆ. ಬಿಸಿ ಮಾಡಿ ಕೊಂದ ನುಣುಪು ಬ್ಯಾಕ್ಟೀರಿಯಾವನ್ನು ಬದುಕಿರುವ ಒರಟಿನ ಜೊತೆ ಬೆರೆಸಿ ಕೊಟ್ಟರೆ ಇಲಿ ಮತ್ತೆ ಸಾಯುತ್ತದೆ, ಅದರ ರಕ್ತದಲ್ಲಿ ಬದುಕಿರುವ ನುಣುಪು ಬ್ಯಾಕ್ಟೀರಿಯಾ ಸಿಗುತ್ತವೆ. ಪಠ್ಯಪುಸ್ತಕಗಳು ಇಲ್ಲಿಂದ ನೇರವಾಗಿ 1944ಕ್ಕೆ, ಏವರಿ, ಮ್ಯಾಕ್ಲಿಯೋಡ್, ಮೆಕಾರ್ಟಿ ಅವರ ಡಿಎನ್ಎ ಕಥೆಗೆ ಹಾರುತ್ತವೆ. ಆದರೆ ಸೋಂಕಿನ ಕಡೆಯಿಂದ ನೋಡಿದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ. ನುಣುಪಿಗೂ ಒರಟಿಗೂ ಇದ್ದ ವ್ಯತ್ಯಾಸ ಮೈಮೇಲಿನ ಸಕ್ಕರೆಯ ಹೊದಿಕೆ, ಅಂದರೆ ಕ್ಯಾಪ್ಸೂಲ್. ಅದು ಇದ್ದರೆ ರಕ್ಷಣಾ ಕೋಶಗಳು ಬ್ಯಾಕ್ಟೀರಿಯಾವನ್ನು ಸುಲಭವಾಗಿ ನುಂಗಲಾರವು, ಇಲ್ಲದಿದ್ದರೆ ನುಂಗಿಬಿಡುತ್ತವೆ.

ಓ ಮತ್ತು ಟಿ ವಿಷಯ ಅಷ್ಟು ಕಪ್ಪು-ಬಿಳುಪಲ್ಲ. ಎರಡಕ್ಕೂ ಕ್ಯಾಪ್ಸೂಲ್ ಇದೆ. ಓಗೆ ಜಾಸ್ತಿ, ಟಿಗೆ ಕಡಿಮೆ. ಟಿಯ ಕೋಶಗೋಡೆಯಲ್ಲಿ ಟೀಕೋಯಿಕ್ ಆಮ್ಲ ಅನ್ನುವ ವಸ್ತು ಹೆಚ್ಚು, ಅದಕ್ಕೆ ಅಂಟಿಕೊಂಡಿರುವ ಸಣ್ಣ ಅಣು ಫಾಸ್ಫೊರಿಲ್‌ಕೋಲಿನ್ ಕೂಡ ಹೆಚ್ಚು. ಮೈಮೇಲಿನ ಪ್ರೋಟೀನ್‌ಗಳ ಪ್ರಮಾಣವೂ ಬೇರೆ. ಜೆಫ್ರಿ ವೈಸರ್ ಮತ್ತು ಜೊತೆಗಾರರು 1994ರಲ್ಲಿ ಇದನ್ನು ವಿವರಿಸಿದರು. ರ‍್ಯಾಟ್ ಮರಿಗಳ ಮೂಗಿನಲ್ಲಿ ನೆಲೆಯೂರುವುದು ಟಿ ಅಂತ ತೋರಿಸಿದರು (ರ‍್ಯಾಟ್ ಅಂದರೆ ನಮ್ಮ ಪ್ರಯೋಗದ ಇಲಿಗಿಂತ ದೊಡ್ಡ, ಬೇರೆ ಜಾತಿ). ರಕ್ತದ ಸೋಂಕಿನಲ್ಲಿ ಓ ಮುಂದೆ ಅನ್ನುವುದು ಆಮೇಲೆ ಇಲಿಗಳಲ್ಲಿ ಗೊತ್ತಾಯಿತು. ಹಾಗಾಗಿ ನಾನು ಹೊಸದೇನನ್ನೂ ಕಂಡುಹಿಡಿಯಬೇಕಿರಲಿಲ್ಲ. ನಮ್ಮ ಸ್ಟ್ರೇನ್‌ನಲ್ಲಿ, ನಮ್ಮ ಇಲಿಗಳಲ್ಲಿ ಇದು ನಿಲ್ಲುತ್ತದಾ ಅಂತ ನೋಡಿ, ಅಲ್ಲಿಂದ ಮುಂದಕ್ಕೆ ಹೋಗಬೇಕಿತ್ತು.

ಈಗ ಕಾಲೊನಿಗೆ ಬರೋಣ. ನ್ಯುಮೋಕಾಕಸ್ ಬೆಳೆಸುವುದು ಸಾಮಾನ್ಯವಾಗಿ ರಕ್ತದ ಅಗರ್, ಅಂದರೆ ರಕ್ತ ಬೆರೆಸಿದ ಜೆಲ್ಲಿಯಂಥ ಪದರದ ಮೇಲೆ. ಆದರೆ ಕೆಂಪು ಪ್ಲೇಟಿನಲ್ಲಿ ಬೆಳಕು ಆಚೆ ದಾಟುವುದಿಲ್ಲ, ಓ-ಟಿ ವ್ಯತ್ಯಾಸ ಕಾಣುವುದೇ ಇಲ್ಲ. ರಕ್ತ ಹಾಕದ ತಿಳಿ ಅಗರ್ ಬೇಕು. ಅದರಲ್ಲಿ ಬೇರೆ ತೊಂದರೆ. ನ್ಯುಮೋಕಾಕಸ್ ತಾನೇ ಹೈಡ್ರೋಜನ್ ಪೆರಾಕ್ಸೈಡ್ ಮಾಡಿಕೊಂಡು ತಾನೇ ಸಾಯುತ್ತದೆ. ರಕ್ತ ಇದ್ದಾಗ ಕೆಂಪುಕಣಗಳಲ್ಲಿರುವ ಕ್ಯಾಟಲೇಸ್ ಅದನ್ನು ಒಡೆದುಹಾಕುತ್ತಿತ್ತು. ರಕ್ತ ಬಿಟ್ಟರೆ ಕ್ಯಾಟಲೇಸನ್ನು ನಾವೇ ಪ್ಲೇಟಿಗೆ ಹಾಕಬೇಕು. ಅದು ಹಳೆಯದಾಗಿದ್ದರೆ ಕಾಲೊನಿಗಳು ಸಣ್ಣಗೆ, ಅರೆಬರೆಯಾಗಿ ಬರುತ್ತವೆ. ಆಗ ಎಲ್ಲವೂ ಒಂದೇ ಥರ ಕಾಣುತ್ತವೆ.

ಪ್ಲೇಟ್ ಸರಿಯಾಗಿ ಬಂದರೂ ಅರ್ಧ ಕೆಲಸ ಬಾಕಿ. ಬೆಳಕು ಕೆಳಗಿನಿಂದ, ಓರೆಯಾಗಿ ಬರಬೇಕು. ಸ್ಟೀರಿಯೋ ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸುತ್ತಾ ಹೋದರೆ ಯಾವುದೋ ಒಂದು ಕೋನದಲ್ಲಿ ಥಟ್ಟನೆ ಗೊತ್ತಾಗುತ್ತದೆ. ಕಿಟಕಿ ಗಾಜಿನ ಮೇಲಿನ ಬೆರಳಚ್ಚು ನೇರವಾಗಿ ನೋಡಿದರೆ ಕಾಣದೆ, ತಲೆ ವಾಲಿಸಿದಾಗ ಕಾಣುತ್ತದಲ್ಲ, ಹಾಗೆ. ಓ ಕಾಲೊನಿ ಉಬ್ಬಿಕೊಂಡು, ಬೆಳ್ಳಗೆ, ತುಂಬಿಕೊಂಡಂತೆ ಇರುತ್ತದೆ. ಟಿ ಚಪ್ಪಟೆ, ನಡುವೆ ಸ್ವಲ್ಪ ತಗ್ಗು. ಟಿಯಲ್ಲಿ ಕೋಶಗಳು ತಮ್ಮನ್ನು ತಾವೇ ಒಡೆದುಕೊಳ್ಳುವುದು ಜಾಸ್ತಿ, ಅದಕ್ಕೇ ಆ ತಗ್ಗು. ನಡುವೆ ಎತ್ತಲೂ ಸೇರದ ಕಾಲೊನಿಗಳೂ ಇರುತ್ತವೆ. ಸೀನಿಯರ್ ಒಬ್ಬರು ನನ್ನ ಪಕ್ಕ ಕೂತು, ಒಂದೇ ಪ್ಲೇಟನ್ನು ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ, ಹಾಳೆಗಳನ್ನು ಹೋಲಿಸುತ್ತಿದ್ದರು. ನಮ್ಮ ಎಣಿಕೆಗಳು ಹತ್ತಿರ ಬರುವ ತನಕ ಇಲಿಯ ಮಾತೇ ಎತ್ತಬಾರದು ಅಂತ ಕಟ್ಟಪ್ಪಣೆ. ಆಗ ಬೇಜಾರಾಗಿತ್ತು. ಈಗ ನಾನೂ ಹೊಸಬರಿಗೆ ಅದನ್ನೇ ಮಾಡುತ್ತೇನೆ.

ಆಮೇಲೆ ಸ್ಟಾಕ್ ಮಾಡುವ ಕೆಲಸ. ಒಂದು ಓ ಕಾಲೊನಿ ಎತ್ತಿ ಬೆಳೆಸಿ, ಮತ್ತೆ ಹರಡಿ, ಮತ್ತೆ ಓ ಕಾಲೊನಿಯನ್ನೇ ಎತ್ತಿ, ಕೊನೆಗೆ ಗ್ಲಿಸರಾಲ್ ಬೆರೆಸಿ ಮೈನಸ್ 80ರಲ್ಲಿ ಇಡುವುದು. ಟಿಗೂ ಹಾಗೇ. ಇಲ್ಲಿ ಒಂದು ವಿಷಯ ತಲೆಗೆ ಹೋಗಲು ನನಗೆ ಸ್ವಲ್ಪ ಸಮಯ ಬೇಕಾಯಿತು. ನೂರಕ್ಕೆ ನೂರು ಓ ಇರುವ ಸ್ಟಾಕ್ ಅನ್ನುವುದು ಇಲ್ಲವೇ ಇಲ್ಲ. ಈ ಬದಲಾವಣೆ ಎರಡೂ ಕಡೆ ನಡೆಯುತ್ತಲೇ ಇರುತ್ತದೆ. ಸ್ಟ್ರೇನ್ ನೋಡಿಕೊಂಡು ಪ್ರತಿ ತಲೆಮಾರಿಗೆ ಸಾವಿರದಲ್ಲಿ ಒಂದರಿಂದ ಹತ್ತು ಲಕ್ಷದಲ್ಲಿ ಒಂದರವರೆಗೆ. ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಕಿ. ಡೋಸಿನಲ್ಲಿ ಒಂದು ಕೋಟಿ ಬ್ಯಾಕ್ಟೀರಿಯಾ ಇವೆ, ಹತ್ತು ಸಾವಿರದಲ್ಲಿ ಒಂದು ಇನ್ನೊಂದು ಬಗೆಯದ್ದು ಅಂತಿಟ್ಟುಕೊಂಡರೂ, 'ಶುದ್ಧ' ಟಿ ಡೋಸಿನ ಒಳಗೆ ಸಾವಿರ ಓ ಕೂತಿರುತ್ತವೆ. ಪ್ಲೇಟಿನಲ್ಲಿ ಇನ್ನೂರು ಕಾಲೊನಿ ನೋಡಿ ಎಲ್ಲವೂ ಟಿ ಅಂತ ಬರೆದುಕೊಂಡರೆ ಆ ಸಾವಿರ ನಮಗೆ ಕಾಣುವುದೇ ಇಲ್ಲ. ಇಲಿಗೆ ಕಾಣುತ್ತದೆ.

ಪ್ರಾಣಿ ನೀತಿ ಸಮಿತಿಗೆ ಅರ್ಜಿ ಬರೆಯುವುದು ಬೇಸರದ ಕೆಲಸ ಅಂತ ಎಲ್ಲರೂ ಗೊಣಗುತ್ತಾರೆ. ನನಗೆ ಅದರಿಂದ ಉಪಕಾರವೇ ಆಯಿತು. ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡಿ, ಆಗದಿದ್ದರೆ ಕಡಿಮೆ ಪ್ರಾಣಿ ಬಳಸಿ, ಅವಕ್ಕೆ ಆಗುವ ನೋವನ್ನೂ ಕಡಿಮೆ ಮಾಡಿ ಅನ್ನುವ ಸೂತ್ರವನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಮುಂದಿಟ್ಟಿದ್ದರು. ಸಮಿತಿ ಕೇಳುವ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಬರುತ್ತವೆ. ಗುಂಪಿಗೆ ಇಷ್ಟೇ ಇಲಿ ಯಾಕೆ? ಯಾವ ವ್ಯತ್ಯಾಸ ಸಿಕ್ಕರೆ ಅದು ನಿಜ ಅಂತ ಒಪ್ಪುತ್ತೀರಿ? ಇಲಿ ಸಾಯುವ ತನಕ ಕಾಯುತ್ತೀರಾ? ಇಲ್ಲ, ಕಾಯುವುದಿಲ್ಲ. ಮೈ ಮುದುಡಿಕೊಂಡು ಕೂರುವುದು, ರೋಮ ನಿಮಿರುವುದು, ಮುಟ್ಟಿದರೂ ಅಲ್ಲಾಡದೆ ಇರುವುದು, ಇವಕ್ಕೆಲ್ಲ ಅಂಕ ಕೊಡುತ್ತಾ ಹೋಗಿ, ಗೊತ್ತುಪಡಿಸಿದ ಅಂಕ ಮುಟ್ಟಿದ ತಕ್ಷಣ ನೋವಿಲ್ಲದಂತೆ ಕೊನೆಗಾಣಿಸಬೇಕು. ರಾತ್ರಿಯಾದರೂ ಸರಿ, ಯಾರಾದರೂ ಹೋಗಿ ನೋಡಲೇಬೇಕು. ಅಂಕ ಕೊಡುವವರಿಗೆ ಯಾವ ಪಂಜರ ಓ, ಯಾವುದು ಟಿ ಅಂತ ಗೊತ್ತಿರಬಾರದು. ಇಲಿಗಳನ್ನು ಗುಂಪಿಗೆ ಹಾಕುವುದೂ ಚೀಟಿ ಎತ್ತಿದ ಹಾಗೆ ಆಗಬೇಕು.

ಯಾವ ಇಲಿ ಅನ್ನುವುದೂ ದೊಡ್ಡ ಪ್ರಶ್ನೆ. ಬಿಎಎಲ್‌ಬಿ/ಸಿ ಇಲಿಗಳು ನ್ಯುಮೋಕಾಕಸ್‌ಗೆ ಸಾಕಷ್ಟು ತಡೆ ಒಡ್ಡುತ್ತವೆ. ಸಿಬಿಎ ಇಲಿಗಳು ಬೇಗ ಬೀಳುತ್ತವೆ. ಬ್ಯಾಕ್ಟೀರಿಯಾದ ಕಡೆಯೂ ಹಾಗೇ. ಕೆಲವು ಸ್ಟ್ರೇನ್‌ಗಳನ್ನು ಹೊಟ್ಟೆಯೊಳಗೆ ಚುಚ್ಚಿದರೆ ಹತ್ತಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಸಾಕು ಇಲಿಯನ್ನು ಕೊಲ್ಲಲು. ಮನುಷ್ಯರಲ್ಲಿ ಆಗಾಗ ಸಿಗುವ 19ಎಫ್ ಅನ್ನುವ ಕ್ಯಾಪ್ಸೂಲ್ ಬಗೆಯ ಸ್ಟ್ರೇನ್‌ಗಳೋ, ಇಲಿಯಲ್ಲಿ ಹೆಚ್ಚಿನಂಶ ಏನೂ ಮಾಡುವುದಿಲ್ಲ. ಹೀಗಿರುವಾಗ ಓ ಮತ್ತು ಟಿ ನಡುವಿನ ವ್ಯತ್ಯಾಸ ಕಾಣಬೇಕಾದರೆ ನಡುವಿನ ದಾರಿ ಹಿಡಿಯಬೇಕು. ಎರಡೂ ಗುಂಪು ಒಂದೇ ದಿನ ಬಿದ್ದರೂ ಕಷ್ಟ, ಎರಡೂ ಆರಾಮಾಗಿದ್ದರೂ ಕಷ್ಟ.

ಡೋಸ್ ಕೊಡುವ ದಿನ ಬೆಳಿಗ್ಗೆಯಿಂದ ಗಡಿಯಾರ ನೋಡಿಕೊಂಡೇ ಕೆಲಸ. ಕಲ್ಚರನ್ನು ಬೆಳವಣಿಗೆಯ ನಡುವಿನಲ್ಲೇ ನಿಲ್ಲಿಸಬೇಕು. ತಡವಾದರೆ ನ್ಯುಮೋಕಾಕಸ್ ಒಡೆಯಲು ಶುರುಮಾಡುತ್ತದೆ, ಟಿ ಇನ್ನೂ ಬೇಗ. ಅದಕ್ಕೇ ಎರಡರ ಓಡಿ (ಕಲ್ಚರ್ ಎಷ್ಟು ಕದಡಿದೆ ಅನ್ನುವ ಅಳತೆ) ಒಂದೇ ಇದ್ದರೂ ಬದುಕಿರುವ ಬ್ಯಾಕ್ಟೀರಿಯಾದ ಸಂಖ್ಯೆ ಒಂದೇ ಇರಬೇಕು ಅಂತೇನಿಲ್ಲ. ಸರಪಳಿಯಾಗಿ ಅಂಟಿಕೊಂಡ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಒಂದೇ ಕಾಲೊನಿ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಇಲಿಗೆ ಕೊಟ್ಟ ಅದೇ ಟ್ಯೂಬಿನಿಂದ, ಕೊಡುವ ಮುಂಚೆ ಒಮ್ಮೆ, ಕೊಟ್ಟು ಮುಗಿದ ಮೇಲೆ ಇನ್ನೊಮ್ಮೆ ಪ್ಲೇಟ್ ಹಾಕುವುದು ನಮ್ಮ ಲ್ಯಾಬಿನ ಪದ್ಧತಿ. ಸಂಖ್ಯೆಗೂ ಹಾಕುತ್ತೇವೆ, ಓ-ಟಿ ನೋಡಲು ತಿಳಿ ಅಗರ್ ಮೇಲೂ ಹಾಕುತ್ತೇವೆ.

ಮೂಗಿನ ಪ್ರಯೋಗದಲ್ಲಿ ಎಷ್ಟು ಹನಿ, ಇಲಿ ಎಚ್ಚರವಾಗಿದೆಯಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎಚ್ಚರವಿರುವ ಇಲಿಗೆ 10 ಮೈಕ್ರೋಲೀಟರ್ ಹಾಕಿದರೆ ಬ್ಯಾಕ್ಟೀರಿಯಾ ಮೂಗಿನಲ್ಲೇ ಉಳಿಯುತ್ತದೆ. ಅರಿವಳಿಕೆ ಕೊಟ್ಟು 50 ಮೈಕ್ರೋಲೀಟರ್ ಹಾಕಿದರೆ ಅದನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ, ನ್ಯುಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಅದೇ, ಇಲಿ ಅದೇ, ಮೂಗೂ ಅದೇ. ಕಾಯಿಲೆ ಮಾತ್ರ ಬೇರೆ. ಹಾಗಾಗಿ ಯಾವುದು ಹೆಚ್ಚು ಉಗ್ರ ಅಂತ ಯಾರಾದರೂ ಕೇಳಿದರೆ, ಎಲ್ಲಿ ಅಂತ ನಾನು ತಿರುಗಿ ಕೇಳುತ್ತೇನೆ.

ಮೂಗಿನಲ್ಲಿ ನಮಗೆ ಸಿಕ್ಕಿದ್ದು ನಿರೀಕ್ಷೆಯಂತೆಯೇ ಇತ್ತು. ಟಿ ಕೊಟ್ಟ ಇಲಿಗಳ ಮೂಗು ತೊಳೆದ ನೀರಿನಲ್ಲಿ ದಿನಗಳು ಕಳೆದರೂ ಬ್ಯಾಕ್ಟೀರಿಯಾ ಚೆನ್ನಾಗಿ ಸಿಗುತ್ತಿತ್ತು. ಓ ಗುಂಪಿನಲ್ಲಿ ಬೇಗ ಇಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ದಪ್ಪ ಕ್ಯಾಪ್ಸೂಲ್ ಬ್ಯಾಕ್ಟೀರಿಯಾವನ್ನು ಕಾಪಾಡುತ್ತದೆ, ಆದರೆ ಅಂಟಿಕೊಳ್ಳಲು ಬೇಕಾದ ಪ್ರೋಟೀನ್‌ಗಳನ್ನೂ ಫಾಸ್ಫೊರಿಲ್‌ಕೋಲಿನನ್ನೂ ಮುಚ್ಚಿಬಿಡುತ್ತದೆ. ಮೂಗಿನ ಒಳಪದರಕ್ಕೆ ಅಂಟದೆ ಅಲ್ಲಿ ಬದುಕುವುದು ಕಷ್ಟ. ಸಂಖ್ಯೆ ಬರೆದುಕೊಂಡು ಮುಗಿಸುವವರಿದ್ದೆವು. ಅಷ್ಟರಲ್ಲಿ ಮೇಡಂ, "ಓ ಗುಂಪಲ್ಲಿ ಉಳಿದವು ಯಾವುವು?" ಅಂದರು. ತಿಳಿ ಅಗರ್ ಪ್ಲೇಟುಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಉಳಿದವುಗಳಲ್ಲಿ ಬಹುಪಾಲು ಟಿ.

ರಕ್ತದಲ್ಲಿ ಇದು ಉಲ್ಟಾ. ಹೊಟ್ಟೆಯೊಳಗೆ ಚುಚ್ಚಿದಾಗ ಓ ಗುಂಪಿನ ಇಲಿಗಳ ರಕ್ತದಲ್ಲಿ ಬ್ಯಾಕ್ಟೀರಿಯಾ ಬೇಗ ಏರಿತು. ಟಿ ಗುಂಪು ಬಹಳ ಹೊತ್ತು ಆರಾಮಾಗಿತ್ತು. ಅದರಲ್ಲೂ ಕೆಲವು ಇಲಿಗಳು ತಡವಾಗಿ ಕಾಯಿಲೆ ಬಿದ್ದವು. ಬರೀ ಸಂಖ್ಯೆ ನೋಡಿದ್ದರೆ ಟಿ ಕೂಡ ಕೊಲ್ಲುತ್ತದೆ, ಸ್ವಲ್ಪ ನಿಧಾನ ಅಷ್ಟೇ ಅಂತ ಬರೆದುಬಿಡಬಹುದಿತ್ತು. ಬಾಲದ ತುದಿಯಿಂದ ತೆಗೆದ ರಕ್ತವನ್ನು ತಿಳಿ ಅಗರ್ ಮೇಲೆ ಹರಡಿದಾಗ ಕಾಲೊನಿಗಳು ಉಬ್ಬಿಕೊಂಡು, ಬೆಳ್ಳಗೆ ನಿಂತಿದ್ದವು. ಟಿ ಕೊಟ್ಟಿದ್ದೆವು, ಕಾಯಿಲೆ ತಂದದ್ದು ಓ.

ಇದಾದ ಮೇಲೆ ಲ್ಯಾಬಿನಲ್ಲಿ ವಾದ ಶುರುವಾಯಿತು. ರಕ್ತಕ್ಕೆ ಹೋದ ಮೇಲೆ ಟಿ ಬ್ಯಾಕ್ಟೀರಿಯಾ ಸುತ್ತಲಿನ ಪರಿಸರ ನೋಡಿ ಓ ಆಗಿ ಬದಲಾದವಾ? ಅಥವಾ ಡೋಸಿನಲ್ಲೇ ಅಡಗಿದ್ದ ಅಲ್ಪ ಪಾಲಿನ ಓಗಳು ಉಳಿದುಕೊಂಡು, ಟಿಗಳೆಲ್ಲ ಸತ್ತವಾ? ಬಹಳ ಜನ ಮಾತಿನ ಭರದಲ್ಲಿ ಬ್ಯಾಕ್ಟೀರಿಯಾ ಹೊಂದಿಕೊಂಡಿತು ಅಂದುಬಿಡುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಈ ಬದಲಾವಣೆ ಮೊದಲೇ, ಯಾದೃಚ್ಛಿಕವಾಗಿ ಆಗಿರುತ್ತದೆ. ಇಲಿ ಅದರಲ್ಲಿ ಆರಿಸಿಕೊಳ್ಳುತ್ತದೆ ಅಷ್ಟೇ ಅನ್ನುವುದು ನನ್ನ ವಾದವಾಗಿತ್ತು.

ಆ ಆಯ್ಕೆ ಎಷ್ಟು ಕಠಿಣ ಅನ್ನುವುದಕ್ಕೆ ಹಳೆಯ ಸಾಕ್ಷಿ ಇದೆ. 1978ರಲ್ಲಿ ಮಾಕ್ಸನ್ ಮತ್ತು ಮರ್ಫಿ, ರ‍್ಯಾಟ್ ಮರಿಗಳಿಗೆ ಹೀಮೋಫಿಲಸ್ ಇನ್‌ಫ್ಲುಯೆಂಜೆಯ (ಇದೂ ಒಂದು ರೋಗಕಾರಕ ಬ್ಯಾಕ್ಟೀರಿಯಾ) ಗುರುತಿಸಬಹುದಾದ ಎರಡು ರೂಪಗಳನ್ನು ಬೆರೆಸಿ ಕೊಟ್ಟರು. ಎಷ್ಟೋ ಮರಿಗಳ ರಕ್ತದಲ್ಲಿ ಎರಡೂ ಸಿಗಲಿಲ್ಲ, ಒಂದೇ ಸಿಕ್ಕಿತು. ರಕ್ತದ ಸೋಂಕು ಒಂದೇ ಒಂದು ಬ್ಯಾಕ್ಟೀರಿಯಾದಿಂದ ಹುಟ್ಟಿರಬಹುದು ಅಂತ ಅವರು ಹೇಳಿದರು. 2014ರಲ್ಲಿ ಇಲಿಗಳಲ್ಲಿ ನ್ಯುಮೋಕಾಕಸ್ ಬಗ್ಗೆಯೂ ಇಂಥದ್ದೇ ಫಲಿತಾಂಶ ಬಂತು. ರಕ್ತನಾಳಕ್ಕೆ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾ ಚುಚ್ಚಿದರೂ ಕೆಲವೇ ಗಂಟೆಗಳಲ್ಲಿ ಮ್ಯಾಕ್ರೋಫೇಜ್ ಅನ್ನುವ ನುಂಗುವ ರಕ್ಷಣಾ ಕೋಶಗಳು ಹೆಚ್ಚುಕಡಿಮೆ ಎಲ್ಲವನ್ನೂ ತೆಗೆದುಹಾಕುತ್ತವೆ. ಆಮೇಲೆ ಏರುವ ಸೋಂಕು ಹೆಚ್ಚಿನ ಇಲಿಗಳಲ್ಲಿ ಉಳಿದುಕೊಂಡ ಒಂದೇ ಬ್ಯಾಕ್ಟೀರಿಯಾದ ಸಂತಾನ.

ಇದನ್ನು ಓದಿದ ಮೇಲೆ ನನ್ನ ವಾದಕ್ಕೆ ಬಲವೂ ಬಂತು, ಪೆಟ್ಟೂ ಬಿತ್ತು. ಒಂದೇ ಬ್ಯಾಕ್ಟೀರಿಯಾ ಉಳಿಯುವುದಾದರೆ, ಅದು ಓ ಆಗಿದ್ದಕ್ಕೆ ಉಳಿಯಿತಾ, ಇಲ್ಲಾ ಸುಮ್ನೆ ಅದೃಷ್ಟಕ್ಕೆ ಉಳಿಯಿತಾ? ಒಂದು ಇಲಿ ನೋಡಿ ಹೇಳುವುದು ಸಾಧ್ಯವೇ ಇಲ್ಲ. ಹಲವು ಇಲಿಗಳಲ್ಲಿ ಮತ್ತೆ ಮತ್ತೆ ಓ ಉಳಿದರೆ ಆಯ್ಕೆ ಅನ್ನಬಹುದು. ಕೆಲವು ಇಲಿಗಳಲ್ಲಿ ಓ, ಕೆಲವದರಲ್ಲಿ ಟಿ ಅಂತ ಹರಿದು ಹಂಚಿಹೋದರೆ ಅದೃಷ್ಟದ ಪಾಲೂ ಇದೆ. ಹಾಗಾಗಿ ಎಲ್ಲ ಇಲಿಗಳ ಸರಾಸರಿ ತೆಗೆದು ಒಂದು ಕಡ್ಡಿ ಎಳೆಯುವ ಚಿತ್ರಗಳನ್ನು ನಾವು ಬಿಟ್ಟೆವು. ಒಂದೊಂದು ಇಲಿಗೆ ಒಂದೊಂದು ಚುಕ್ಕೆ, ಪಕ್ಕದಲ್ಲಿ ಅದರ ಓ-ಟಿ ಪ್ರಮಾಣ. ನೋಡಲು ಅಷ್ಟು ಚೆಂದವಿಲ್ಲ, ಆದರೆ ಏನಾಯಿತು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ವಾದ ಮುಗಿಸಲು ಇರುವ ದಾರಿ, ಬದಲಾಗಲಾರದ ಬ್ಯಾಕ್ಟೀರಿಯಾ ಮಾಡುವುದು. 2014ರಲ್ಲೇ ಇನ್ನೊಂದು ದೊಡ್ಡ ಸಂಗತಿ ಹೊರಬಿದ್ದಿತ್ತು. ನ್ಯುಮೋಕಾಕಸ್‌ನಲ್ಲಿ ಡಿಎನ್ಎ ಮೇಲೆ ಮಿಥೈಲ್ ಅನ್ನುವ ಸಣ್ಣ ರಾಸಾಯನಿಕ ಗುರುತು ಹಾಕುವ ಒಂದು ಮಿಥೈಲೇಸ್ ವ್ಯವಸ್ಥೆ ಇದೆ, ಅದರ ಜೀನ್‌ನ ತುಂಡುಗಳು ಒಳಗೊಳಗೇ ಜಾಗ ಬದಲಾಯಿಸಿಕೊಂಡು ಆರು ರೂಪ ತಾಳುತ್ತವೆ. ಒಂದೊಂದು ರೂಪವೂ ಜೀನೋಮಿನ ಬೇರೆ ಬೇರೆ ಜಾಗಗಳಿಗೆ ಮಿಥೈಲ್ ಗುರುತು ಹಾಕುತ್ತದೆ. ಅದರಿಂದ ಕ್ಯಾಪ್ಸೂಲ್ ಪ್ರಮಾಣ, ಕಾಲೊನಿಯ ಮಬ್ಬು, ಇಲಿಯಲ್ಲಿನ ಉಗ್ರತೆ ಎಲ್ಲ ಬದಲಾಗುತ್ತವೆ. ಜೀನ್‌ನ ಅಕ್ಷರ ತಿದ್ದದೆ, ತುಂಡುಗಳನ್ನು ತಿರುಗಿಸಿಯೇ ಇಡೀ ಮೈಯನ್ನು ಬದಲಿಸುವ ಈ ಚಳಕ ನನಗೆ ಇವತ್ತಿಗೂ ಬೆರಗು. ಒಂದೊಂದು ರೂಪದಲ್ಲೇ ಬೀಗ ಹಾಕಿ ನಿಲ್ಲಿಸಿದ ಸ್ಟ್ರೇನ್‌ಗಳನ್ನು ಮಾಡಬಹುದು. ನಾವೂ ಮಾಡಿದೆವು. ಈಗ ಓ ಥರದ್ದನ್ನೂ ಟಿ ಥರದ್ದನ್ನೂ ಬೆರೆಸಿ ಒಂದೇ ಇಲಿಗೆ ಕೊಟ್ಟು, ಕೊಟ್ಟ ಪ್ರಮಾಣಕ್ಕೂ ಬಂದ ಪ್ರಮಾಣಕ್ಕೂ ಹೋಲಿಸಬಹುದು. ಒಂದೇ ಇಲಿಯಲ್ಲಿ ಎರಡೂ ಓಡುವುದರಿಂದ ಕಡಿಮೆ ಇಲಿ ಸಾಕು, ಸಮಿತಿಗೂ ಸಮಾಧಾನ. ಆದರೆ ಬೀಗ ಹಾಕಿದ ಸ್ಟ್ರೇನ್‌ಗೂ ಒಂದು ಮಿತಿ ಇದೆ. ಓ-ಟಿ ಆಟಕ್ಕೆ ಇದೊಂದೇ ಗುಂಡಿಯಲ್ಲ. ಬೀಗ ಹಾಕಿದ ಮೇಲೂ ಕೆಲವು ಕಾಲೊನಿಗಳ ನೋಟ ಬೇರೆಯಾಗಿ ಬರುತ್ತದೆ.

ಇಲಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಟಿಯ ಮೈಮೇಲೆ ಫಾಸ್ಫೊರಿಲ್‌ಕೋಲಿನ್ ಜಾಸ್ತಿ ಅಂದೆನಲ್ಲ, ಮನುಷ್ಯರಲ್ಲಿ ಸಿಆರ್‌ಪಿ ಅನ್ನುವ ಪ್ರೋಟೀನ್ ಅದನ್ನು ಹುಡುಕಿ ಹಿಡಿದು, ಕಾಂಪ್ಲಿಮೆಂಟ್ ಅನ್ನುವ, ರಕ್ತದಲ್ಲಿನ ರಕ್ಷಣಾ ಪ್ರೋಟೀನ್‌ಗಳ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಜ್ವರ ಬಂದಾಗ ಡಾಕ್ಟರು ಬರೆಸುವ ಸಿಆರ್‌ಪಿ ಪರೀಕ್ಷೆ ಇದರದ್ದೇ. 1930ರಲ್ಲಿ ಅದು ಮೊದಲು ಪತ್ತೆಯಾದದ್ದೂ ನ್ಯುಮೋಕಾಕಸ್‌ನ ಕೋಶಗೋಡೆಯ ಸಕ್ಕರೆಗೆ ಅಂಟುವುದರಿಂದ. ಸೋಂಕಾದಾಗ ಮನುಷ್ಯರಲ್ಲಿ ಸಿಆರ್‌ಪಿ ನೂರಾರು ಪಟ್ಟು ಏರುತ್ತದೆ, ಇಲಿಯಲ್ಲಿ ಹೆಚ್ಚು ಏರುವುದೇ ಇಲ್ಲ. ಅಂದರೆ ನಮ್ಮ ರಕ್ತದಲ್ಲಿ ಟಿ ಮೇಲೆ ಬೀಳುವ ಒತ್ತಡದ ಒಂದು ಭಾಗ ಇಲಿಯ ರಕ್ತದಲ್ಲಿ ಇಲ್ಲ. ಟಿಯ ಮೇಲೆ ಹೆಚ್ಚಾಗಿರುವ ಸಿಬಿಪಿಎ ಪ್ರೋಟೀನ್ ಕೂಡ ಮನುಷ್ಯರ ಒಳಪದರದ ಕೋಶಗಳ ಮೇಲಿರುವ ಪಿಐಜಿಆರ್ ಗ್ರಾಹಕವನ್ನು ಹಿಡಿಯುತ್ತದೆ, ಇಲಿಯದ್ದನ್ನು ಹಿಡಿಯುವುದಿಲ್ಲ. ಮೂಗಿನಲ್ಲಿ ಟಿ ಗೆದ್ದಿತು ಅಂತ ನಾನು ಬರೆಯುವಾಗ, ಈ ಹಿಡಿತದ ನೆರವಿಲ್ಲದೆ ಗೆದ್ದಿತು ಅಂತ ಓದಿಕೊಳ್ಳಬೇಕು.

ಪಕ್ಕದ ಬೆಂಚಿನವರದ್ದು ಮೂತ್ರಕೋಶದ ಸೋಂಕಿನ ಇ. ಕೋಲೈ. ಅದರ ಟೈಪ್ 1 ಪಿಲಿಗಳು (ಅಂಟಿಕೊಳ್ಳಲು ಬಳಸುವ ಕೂದಲಿನಂಥ ಎಳೆಗಳು) ಡಿಎನ್ಎಯ ಒಂದು ಸಣ್ಣ ತುಂಡು ಮಗುಚಿಕೊಂಡರೆ ಇವೆ, ಇನ್ನೊಂದು ಕಡೆ ಮಗುಚಿಕೊಂಡರೆ ಇಲ್ಲ. ಇಲಿಯ ಮೂತ್ರಕೋಶಕ್ಕೆ ಅಂಟಲು ಪಿಲಿ ಬೇಕೇ ಬೇಕು. ಅವರ ಪ್ರಯೋಗ ಡಿಎನ್ಎ ತುಂಡನ್ನು ನಕಲು ಮಾಡಿ ನೋಡುವ ಪಿಸಿಆರ್‌ನಲ್ಲಿ ಮುಗಿಯುತ್ತದೆ, ತುಂಡು ಯಾವ ಕಡೆ ಇದೆ ಅಂತ ಪಟ್ಟಿ ನೋಡಿ ಹೇಳಿಬಿಡುತ್ತಾರೆ. ನಮ್ಮ ಮಬ್ಬು-ಪಾರದರ್ಶಕದ ಕಸರತ್ತು ನೋಡಿ ಅವರಿಗೆ ನಗು. ನಮಗೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ನಮ್ಮ ಕೆಲಸ ಶ್ವಾಸಕೋಶದಲ್ಲಿ ನಿಂತಿದೆ. ಮೂಗಿನಲ್ಲಿ ಟಿ, ರಕ್ತದಲ್ಲಿ ಓ ಅನ್ನುವುದು ಒಂದು ಮಟ್ಟಿಗೆ ಸ್ಪಷ್ಟ. ನಡುವಿನ ಶ್ವಾಸಕೋಶದಲ್ಲಿ ಎರಡೂ ಬೆರೆತು ಸಿಗುತ್ತವೆ, ಇಲಿಯಿಂದ ಇಲಿಗೆ ಪ್ರಮಾಣ ಬೇರೆ. ಇಡೀ ಶ್ವಾಸಕೋಶವನ್ನು ಅರೆದು ಪ್ಲೇಟ್ ಹಾಕಿದರೆ ಯಾವುದು ಗಾಳಿಚೀಲದಲ್ಲಿತ್ತು, ಯಾವುದು ರಕ್ತನಾಳದ ಹತ್ತಿರ ಇತ್ತು ಅನ್ನುವುದೆಲ್ಲ ಕಲಸಿಹೋಗುತ್ತದೆ. ಹಾಗಾಗಿ ಬೀಗ ಹಾಕಿದ ಸ್ಟ್ರೇನ್‌ಗಳಿಗೆ ಬೇರೆ ಬೇರೆ ಬಣ್ಣದ ಪ್ರೋಟೀನ್ ಸೇರಿಸಿ, ಶ್ವಾಸಕೋಶವನ್ನು ಅರೆಯದೆ ತೆಳುವಾಗಿ ಕತ್ತರಿಸಿ ನೋಡುವುದು ಅಂತ ತೀರ್ಮಾನಿಸಿದ್ದೇವೆ. ಅರ್ಜಿ ಮತ್ತೆ ಸಮಿತಿಯ ಮುಂದಿದೆ. ಈ ಸಲ ಅವರು ಕೇಳಿರುವುದು ಒಂದೇ ಪ್ರಶ್ನೆ. ಬಣ್ಣದ ಪ್ರೋಟೀನ್ ಸೇರಿಸಿದ ಮೇಲೂ ಆ ಬ್ಯಾಕ್ಟೀರಿಯಾದ ಮೈ ಮೊದಲಿನಂತೆಯೇ ಇದೆ ಅಂತ ಹೇಗೆ ಹೇಳುತ್ತೀರಿ? ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ಕ್ಯಾಟಲೇಸ್ ಹಾಕಿದ ತಿಳಿ ಅಗರ್ ಪ್ಲೇಟುಗಳನ್ನು ಮತ್ತೆ ಹೊಯ್ಯುತ್ತಿದ್ದೇನೆ.